ಮಕ್ಕಳ ಐಸಿಯುನಲ್ಲಿ ಟ್ಯಾಬ್ ಚೆಕ್‌ಲಿಸ್ಟ್, ಟೆಸ್ಟ್ ಮಾಡೋದು ಹೇಗೆ?

ಕೋಲಾರದ ನರ್ಸ್: ನಮ್ಮಲ್ಲಿ ಇಂಟುಬೇಷನ್ (ಉಸಿರಾಟಕ್ಕೆ ಗಂಟಲೊಳಗೆ ಟ್ಯೂಬ್ ಹಾಕೋದು) ಚೆಕ್‌ಲಿಸ್ಟ್ ಟ್ಯಾಬಲ್ಲಿ ಕೊಟ್ಟಿದಾರೆ, ಆದ್ರೆ ಮೊನ್ನೆ ರಾತ್ರಿ ಮಗು ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಇಳೀತಾ ಇರೋವಾಗ ಗ್ಲೌಸ್ ಕೈಗೆ ಸ್ಕ್ರೀನ್ ಒತ್ತೋಕೇ ಆಗ್ಲಿಲ್ಲ, ಕೊನೆಗೆ ಬಾಯಲ್ಲೇ ಹೇಳ್ಕೊಂಡು ಮಾಡಿದ್ವಿ, ಇನ್ನೂ ಎದೆ ಢವಢವ ಅನ್ನುತ್ತೆ. ಯಾರಾದ್ರೂ ಟೆಸ್ಟ್ ಮಾಡಿದೀರಾ?

ಚಿಕ್ಕಬಳ್ಳಾಪುರ ಡಾಕ್ಟ್ರು: ಮೊದ್ಲು ಗೊಂಬೆ ಮೇಲೆ ಮಾಡಿ. ಒಂದ್ಸಲ ಲಿಸ್ಟ್ ಇಟ್ಕೊಂಡು, ಒಂದ್ಸಲ ಇಲ್ದೆ. ಸಕ್ಷನ್ (ಬಾಯಿ, ಗಂಟಲಿನ ಕಫ ಎಳೆಯೋ ಮಷೀನ್) ಬೇಕಂತ್ಲೇ ಆಫ್ ಮಾಡಿಟ್ಟು ಯಾರು ಹಿಡೀತಾರೆ ನೋಡಿ, ಟೈಮ್ ಒಂದೇ ಅಲ್ಲ ಬಿಟ್ಟುಹೋದ ಸ್ಟೆಪ್ಪೂ ಎಣಿಸ್ಬೇಕು.

ತುಮಕೂರಿನವಳು: ಒಬ್ರು ಬರೀ ಜೋರಾಗಿ ಓದ್ಬೇಕು. ಲಿಸ್ಟ್ ಚಿಕ್ಕದಿರ್ಲಿ, ಡಬ್ಲ್ಯೂಎಚ್‌ಒ 2008ರ ಸರ್ಜರಿ ಚೆಕ್‌ಲಿಸ್ಟಲ್ಲೇ 19 ಐಟಂ ಇರೋದು. ಆಮೇಲೆ ತೂಕ 12 ಕೆಜಿ ಬದ್ಲು 21 ಅಂತ ಬಿದ್ರೆ ಡೋಸೆಲ್ಲಾ ಕೆಡುತ್ತೆ, ಆ್ಯಪ್ ಅದನ್ನ ಹಿಡಿಯುತ್ತಾ ಅಂತ್ಲೂ ನೋಡಿ.

ಕೋಲಾರದ ನರ್ಸ್: ತೂಕದ್ದು ಹೊಳೆದೇ ಇರ್ಲಿಲ್ಲ, ಇವತ್ತೇ ನೋಡ್ತೀನಿ.