ಮೆಂಬ್ರೇನ್ ಹಾಕಿ 8 ತಿಂಗಳಿಗೇ ನೀರು ಇಳಿದಿದೆ, ನಾಲ್ಕನ್ನೂ ಬದಲಿಸಬೇಕಾ? (ಗುಡಿಬಂಡೆ ಕಡೆಯ ಊರು)

ಕೊಡದ_ಸಾಲು:
ಊರಿನ ಶುದ್ಧ ನೀರಿನ (ಆರ್‌ಒ) ಘಟಕ, ಗಂಟೆಗೆ 1000 ಲೀಟರಿನದು. ನಾಲ್ಕು 4040 (4 ಇಂಚು ದಪ್ಪ, 40 ಇಂಚು ಉದ್ದ) ಮೆಂಬ್ರೇನ್, ಅಂದರೆ ಉಪ್ಪು ಸೋಸುವ ಪೊರೆಯ ಸುರುಳಿ; ಅವು ಕೂರುವ ಕೊಳವೆ, ಹೌಸಿಂಗ್, ಎರಡು, ಒಂದರ ಹಿಂದೆ ಒಂದು. ಹೊಸದರಲ್ಲಿ ಗಂಟೆಗೆ ಒಳ್ಳೆ ನೀರು 1000 ಲೀಟರ್, ರಿಜೆಕ್ಟ್ (ಉಪ್ಪು ಹೊತ್ತು ಹೊರಬೀಳುವ ನೀರು) 1000 ಬರುತ್ತಿತ್ತು. ಈಗ ಒಳ್ಳೆ ನೀರು 620, ರಿಜೆಕ್ಟ್ 300. ಪ್ರೆಶರ್ (ಚದರ ಸೆಂ.ಮೀ.ಗೆ) 9 ಕೆಜಿಯಿಂದ 13ಕ್ಕೆ ಏರಿದೆ. ಒಳ್ಳೆ ನೀರಿನ ಟಿಡಿಎಸ್ (ಕರಗಿದ ಒಟ್ಟು ಲವಣ) 60 ಇದ್ದದ್ದು 140 ಆಗಿದೆ.

ಬೋರಿನ ನೀರಿನ ರಿಪೋರ್ಟ್ (ಲೀಟರಿಗೆ ಮಿಲಿಗ್ರಾಂ ಲೆಕ್ಕ): ಟಿಡಿಎಸ್ 1180, ಗಡಸುತನ 640, ಫ್ಲೋರೈಡ್ 2.4, ನೈಟ್ರೇಟ್ 70. ನಿರ್ವಹಣೆಯವರು ನಾಲ್ಕೂ ಮೆಂಬ್ರೇನ್ ಬದಲಿಸಿ ಅನ್ನುತ್ತಿದ್ದಾರೆ. ಇನ್ನೊಂದು ವಿಷಯ, ರಿಜೆಕ್ಟ್ ನೀರು ಬೋರಿನ ಪಕ್ಕದ ಇಂಗುಗುಂಡಿಗೆ ಹೋಗುತ್ತಿದೆ. ಅದು ಸರಿಯೇ?

ಏರಿ_ಮೇಲೆ (ಕೋಲಾರ):
ಮೆಂಬ್ರೇನ್‌ಗೆ ಈಗಲೇ ದುಡ್ಡು ಸುರಿಯಬೇಡಿ. ರೋಗ ನಿಮ್ಮ ಅಂಕಿಯಲ್ಲೇ ಕಾಣುತ್ತಿದೆ. ಒಳಗೆ ಹೋಗುವ ನೀರು 920, ಅದರಲ್ಲಿ 620 ತೆಗೆಯುತ್ತಿದ್ದೀರಿ, ಅಂದರೆ ನೂರಕ್ಕೆ 67. ಮೊದಲು 50 ಇತ್ತು. ನೀರು ಪೋಲಾಗುತ್ತೆ ಅಂತ ಯಾರೋ ರಿಜೆಕ್ಟ್ ವಾಲ್ವ್ ಬಿಗಿ ಮಾಡಿರಬೇಕು. ಹಾಗೆ ಮಾಡಿದಾಗ ಉಪ್ಪೆಲ್ಲ ಉಳಿದ ಮೂರನೇ ಒಂದು ಪಾಲು ನೀರಿನಲ್ಲೇ ಸೇರಿಕೊಳ್ಳುತ್ತದೆ. ಗಡಸುತನ 640 ಇದ್ದದ್ದು ಕೊನೆಯ ಮೆಂಬ್ರೇನ್ ಹತ್ತಿರ 1900 ದಾಟುತ್ತದೆ, ಸುಣ್ಣ ಅಲ್ಲೇ ಕೂರುತ್ತದೆ.

ಎರಡನೇ ಅನುಮಾನ ಆ್ಯಂಟಿಸ್ಕೇಲೆಂಟ್ (ಸುಣ್ಣ ಕಟ್ಟದಂತೆ ನೀರಿಗೆ ಬೆರೆಸುವ ರಾಸಾಯನಿಕ) ಮೇಲೆ. ಒಳಹೋಗುವ ಲೀಟರಿಗೆ 4 ಮಿಲಿಗ್ರಾಂ ಲೆಕ್ಕ ಹಿಡಿದರೆ, ಗಂಟೆಗೆ 2000 ಲೀಟರಿಗೆ 8 ಗ್ರಾಂ. ದಿನಕ್ಕೆ 8 ಗಂಟೆ ಓಡಿದರೆ 64 ಗ್ರಾಂ. ಎಂಟು ತಿಂಗಳಿಗೆ ಹತ್ತಿರ ಹತ್ತಿರ 15 ಕೆಜಿ ಮುಗಿದಿರಬೇಕು. ಖರೀದಿ ಬಿಲ್ ತೆಗೆಸಿ ನೋಡಿ. 5 ಕೆಜಿ ಕ್ಯಾನ್ ಒಂದೇ ಬಂದಿದ್ದರೆ ಉತ್ತರ ಸಿಕ್ಕಂತೆಯೇ. ಅದನ್ನು ಹನಿಸುವ ಡೋಸಿಂಗ್ ಪಂಪ್ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ, ಸಕ್ಷನ್ ಟ್ಯೂಬಿನಲ್ಲಿ ಗಾಳಿ ಸಿಕ್ಕಿದ್ದರೆ ಒಂದು ಹನಿಯೂ ಹೋಗಿರುವುದಿಲ್ಲ. ಸದ್ದು ನಂಬಬೇಡಿ, ಡ್ರಮ್ಮಿನ ಮಟ್ಟಕ್ಕೆ ಗೆರೆ ಎಳೆದು ಮರುದಿನ ನೋಡಿ.

ಮೆಂಬ್ರೇನಿಗೂ ಮುಂಚೆ ಇರುವ ಕಾರ್ಟ್ರಿಡ್ಜ್ ಫಿಲ್ಟರಿನ ಹಿಂದೆ ಮುಂದೆ ಪ್ರೆಶರ್ ಗೇಜ್ ನೋಡಿ, ವ್ಯತ್ಯಾಸ 1 ಕೆಜಿ ದಾಟಿದ್ದರೆ ಬದಲಿಸಿ. ಆಮೇಲೆ ಕೊನೆಯ ಹೌಸಿಂಗಿನ ಕೊನೆಯ ಮೆಂಬ್ರೇನ್ ಹೊರಗೆಳೆಯಿರಿ. ಮೊದಲನೆಯದಕ್ಕಿಂತ ಭಾರವಾಗಿದ್ದು, ತುದಿಯ ಬಿಳಿ ಪುಡಿಗೆ ನಿಂಬೆರಸ ಬಿಟ್ಟರೆ ನೊರೆ ಬಂದರೆ ಅದು ಸುಣ್ಣ, ತೊಳೆದರೆ ಹೋಗುತ್ತದೆ. ನೊರೆ ಬರದಿದ್ದರೆ ಸಿಲಿಕಾ ಇರಬಹುದು. ಅದಕ್ಕೆ ಸಿಟ್ರಿಕ್ ಆಸಿಡ್ ಕೆಲಸ ಮಾಡುವುದಿಲ್ಲ, ನಮ್ಮ ಕಡೆಯ ಬಂಡೆ ನೀರಿನಲ್ಲಿ ಅದೂ ಸಾಮಾನ್ಯವೇ. ಭಾರ ಮೊದಲನೆಯ ಮೆಂಬ್ರೇನಿನಲ್ಲೇ ಇದ್ದರೆ ಅದು ಮಣ್ಣು, ಕೆಸರು. ಸ್ಯಾಂಡ್ ಫಿಲ್ಟರಿಗೆ ದಿನಾ ನೀರು ಹಿಮ್ಮುಖ ಹರಿಸಿ ತೊಳೆಯುವ ಬ್ಯಾಕ್‌ವಾಶ್ ಆಗುತ್ತಿಲ್ಲ ಅಂತ ಅರ್ಥ.

ಕರೆಂಟ್ ಹಠಾತ್ ಹೋದಾಗ ಉಪ್ಪು ಗಟ್ಟಿಯಾದ ನೀರು ಮೆಂಬ್ರೇನಿನಲ್ಲೇ ನಿಂತುಬಿಡುತ್ತದೆ, ಪಾಳಿ ಮೇಲೆ ತ್ರೀ ಫೇಸ್ ಬರುವ ಊರುಗಳಲ್ಲಿ ಇದೇ ದೊಡ್ಡ ಕಾಟ. ಮುಗಿಸುವ ಮುಂಚೆ ರಿಜೆಕ್ಟ್ ವಾಲ್ವ್ ಪೂರ್ತಿ ಬಿಟ್ಟು 5 ನಿಮಿಷ ಫ್ಲಶ್ ಮಾಡುವುದನ್ನು ರೂಢಿ ಮಾಡಿಸಿ.

ಬಂಡೆ_ಬಿರುಕು:
ಇಂಗುಗುಂಡಿ ಇವತ್ತೇ ನಿಲ್ಲಿಸಿ ಸ್ವಾಮಿ. ಈ ರಿಜೆಕ್ಟ್‌ನಲ್ಲಿ ಫ್ಲೋರೈಡ್ 6.5 ದಾಟಿರುತ್ತದೆ, ಟಿಡಿಎಸ್ 3300ರ ಆಸುಪಾಸು. ಅದನ್ನೇ ಬೋರಿನ ಬುಡಕ್ಕೆ ಇಂಗಿಸಿ, ಮತ್ತೆ ಅದೇ ಬೋರಿನಿಂದ ಎತ್ತಿ ಶುದ್ಧ ಮಾಡುವುದು ಎಂಥ ಲೆಕ್ಕ? ಪೈಪ್ ಹಾಕಿ ಶೌಚಾಲಯದ ಫ್ಲಶ್ ಟ್ಯಾಂಕಿಗೆ, ಗಾಡಿ ತೊಳೆಯಲು ಕೊಡಿ. ದನದ ತೊಟ್ಟಿಗೂ ತರಕಾರಿ ಮಡಿಗೂ ಬೇಡ.

ನೈಟ್ರೇಟ್ 70 ಅಂದಿರಿ, ಮಿತಿ 45. ಅದು ಫ್ಲೋರೈಡ್ ಥರ ಬಂಡೆಯಿಂದ ಬಂದದ್ದಲ್ಲ, ಗೊಬ್ಬರದಿಂದ ಅಥವಾ ಹತ್ತಿರದ ಶೌಚದ ಗುಂಡಿ, ಚರಂಡಿಯಿಂದ. ಬೋರಿನ ಕೇಸಿಂಗ್ (ಹೊರ ಪೈಪ್) ಸುತ್ತ ನೆಲ ಕುಸಿದು ನೀರು ನಿಲ್ಲುತ್ತದಾ ನೋಡಿ, ಇದ್ದರೆ ಸಿಮೆಂಟ್ ಕಟ್ಟೆ ಹಾಕಿಸಿ. ಈ ನೀರು ಕುದಿಸಿದರೆ ಫ್ಲೋರೈಡೂ ಹೋಗುವುದಿಲ್ಲ, ನೈಟ್ರೇಟೂ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತವೆ ಅಷ್ಟೇ.

ಸೂರುನೀರು (ಪಾವಗಡ):
ಘಟಕ ರಿಪೇರಿ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಕುಡಿಯೋಕೆ, ಅಡುಗೆಗೆ ಮಾತ್ರ ಆದರೆ ಸೂರಿನ ನೀರೇ ಸಾಕು. 50 ಚದರ ಮೀಟರ್ ಆರ್‌ಸಿಸಿ ಮಾಳಿಗೆ, ಬರದ ವರ್ಷ 500 ಮಿ.ಮೀ. ಮಳೆ ಅಂದುಕೊಳ್ಳಿ, ಐದರಲ್ಲಿ ಒಂದು ಪಾಲು ಹೋದರೂ 20,000 ಲೀಟರ್. ಐದು ಜನಕ್ಕೆ ದಿನಕ್ಕೆ 25 ಲೀಟರಿನಂತೆ ಆರು ತಿಂಗಳ ಬೇಸಿಗೆಗೆ 4500. 6000 ಲೀಟರಿನ ಸಂಪು ಧಾರಾಳ.

ಕೆಡುವುದು ಮೊದಲ ಮಳೆಯಲ್ಲಿ. 6 ಇಂಚಿನ ಪೈಪ್ 3 ಮೀಟರ್ ನೆಟ್ಟಗೆ ನಿಲ್ಲಿಸಿದರೆ ಸುಮಾರು 50 ಲೀಟರ್ ಕೊಳೆ ನೀರು ಅದರಲ್ಲಿ ಹಿಡಿಯುತ್ತದೆ. ಕೆಳಗಿನ ಕ್ಯಾಪ್ ಬಿಚ್ಚಿ ಖಾಲಿ ಮಾಡುವುದನ್ನು ಮರೆತರೆ ಮುಂದಿನ ಮಳೆಯ ಕೊಳೆಯೆಲ್ಲ ಸಂಪಿಗೇ. ಕ್ಯಾಪಿಗೆ 3 ಮಿ.ಮೀ. ತೂತು ಹಾಕಿಬಿಡಿ, ತಾನೇ ಖಾಲಿಯಾಗುತ್ತದೆ. 5000 ಲೀಟರಿಗೆ ಹೊಸ ಬ್ಲೀಚಿಂಗ್ ಪೌಡರ್ 20 ಗ್ರಾಂ, ಬಕೆಟ್ಟಿನಲ್ಲಿ ಕಲಸಿ ತಿಳಿಯಾದ ಮೇಲೆ ಮೇಲಿನ ನೀರು ಮಾತ್ರ ಹಾಕಿ, ಅರ್ಧ ಗಂಟೆ ಬಿಡಿ.

ಸಂಪು ತಳ ಕಾಣುವ ಹೊತ್ತಿಗೆ ಮಳೆನೀರು ಮೂರು ಪಾಲು, ನಿಮ್ಮ ಬೋರ್ ನೀರು ಎರಡು ಪಾಲು ಬೆರೆಸಿದರೂ ಫ್ಲೋರೈಡ್ 1ರ ಒಳಗೇ ಇರುತ್ತದೆ, ನೈಟ್ರೇಟ್ 28.

ಕೊಡದ_ಸಾಲು:
ನೋಡಿದೆ. ರಿಜೆಕ್ಟ್ ವಾಲ್ವ್ ಮುಕ್ಕಾಲು ಮುಚ್ಚಿತ್ತು. ಆ್ಯಂಟಿಸ್ಕೇಲೆಂಟ್ ಒಂದೇ ಕ್ಯಾನ್, ಅದರಲ್ಲೂ ಅರ್ಧ ಉಳಿದಿದೆ. ನಿಂಬೆರಸಕ್ಕೆ ನೊರೆ ಬಂತು. ತೊಳೆಯುವುದು ಹೇಗೆ?

ಏರಿ_ಮೇಲೆ (ಕೋಲಾರ):
100 ಲೀಟರ್ ಒಳ್ಳೆ ನೀರಿಗೆ 2 ಕೆಜಿ ಸಿಟ್ರಿಕ್ ಆಸಿಡ್. ಹೈ ಪ್ರೆಶರ್ ಪಂಪ್ ಬೇಡ, ಬೇರೆ ಚಿಕ್ಕ ಪಂಪಿನಲ್ಲಿ 3 ಕೆಜಿ ಒಳಗೆ ಅರ್ಧ ಗಂಟೆ ತಿರುಗಿಸಿ, ಒಂದು ಗಂಟೆ ನೆನೆಸಿ, ಮತ್ತೆ ಅರ್ಧ ಗಂಟೆ ತಿರುಗಿಸಿ. ಸುಣ್ಣ ಕರಗಿದಂತೆ ಪಿಎಚ್ ಏರುತ್ತದೆ (ಅಂದರೆ ಹುಳಿ ಇಳಿಯುತ್ತದೆ), 3.5 ದಾಟಿದರೆ ಇನ್ನಷ್ಟು ಆಸಿಡ್ ಸೇರಿಸಿ. ಬಚ್ಚಲು ತೊಳೆಯುವ ಆಸಿಡ್ ಸುರಿಯಲು ಹೋಗಬೇಡಿ, ಅಳತೆ ತಪ್ಪಿದರೆ ಮೆಂಬ್ರೇನೇ ಸುಟ್ಟುಹೋಗುತ್ತದೆ. ಇಷ್ಟು ಇಳಿದ ಮೇಲೆ ಪೂರ್ತಿ 1000 ವಾಪಸ್ ಬರುತ್ತದೆ ಅಂತ ಕಾಯಬೇಡಿ. 850 ಬಂದರೆ ಓಡಿಸಿ, ಕೊನೆಯ ಹೌಸಿಂಗಿನ ಎರಡನ್ನು ಮಾತ್ರ ಬದಲಿಸುವ ಯೋಚನೆ ಆಮೇಲೆ. ಅರ್ಧ ಒಳ್ಳೆ ನೀರು, ಅರ್ಧ ರಿಜೆಕ್ಟ್ ಬರುವಂತೆ ರಿಜೆಕ್ಟ್ ವಾಲ್ವ್ ಸೆಟ್ ಮಾಡಿ ಹಿಡಿ ಬಿಚ್ಚಿಟ್ಟುಬಿಡಿ. ತೊಳೆದ ಮೇಲೆ ಮೊದಲ ಅರ್ಧ ಗಂಟೆಯ ನೀರು ಚರಂಡಿಗೆ ಬಿಡಿ, ಯಾರ ಕೊಡಕ್ಕೂ ಬೇಡ.