ಜಿಐ ಶೀಟ್ ತೂತು ಬೀಳುತ್ತಿದೆ, ರಾತ್ರಿ ಚಳಿಜ್ವರ ಬೇರೆ

ಪ್ರಶ್ನೆ:
ಕೋಳಿಗೂಡಿಗೆ ಬಾಗಿಲು ಮಾಡುತ್ತಿದ್ದೇನೆ. ಸ್ಕ್ವೇರ್ ಪೈಪ್ ಫ್ರೇಮ್, ಅದರ ಮೇಲೆ 18 ಗೇಜ್ ಜಿಐ ಶೀಟ್ (ಸತು ಲೇಪಿಸಿದ ತಗಡು). ಚಿಕ್ಕ ಇನ್ವರ್ಟರ್ ಆರ್ಕ್ ಮೆಷಿನ್ ಇದೆ, ರಾಡ್ 3.15 ಎಂಎಂ, 90 ಆಂಪ್ಸ್. ರಾಡ್ ಮುಟ್ಟಿಸಿ ಎಳೆಯುವಷ್ಟರಲ್ಲಿ ಶೀಟ್ ತೂತು. ಆಂಪ್ಸ್ ಇಳಿಸಿದರೆ ರಾಡ್ ಅಂಟಿಕೊಳ್ಳುತ್ತದೆ. ಮಳೆ ಅಂತ ಶೆಡ್ ಬಾಗಿಲು ಹಾಕಿಕೊಂಡು ಮಾಡಿದೆ. ರಾತ್ರಿ ಚಳಿಜ್ವರ ಬಂತು, ಬಾಯೆಲ್ಲ ಒಂಥರಾ ಲೋಹದ ರುಚಿ. ಮಾರನೇ ದಿನ ಸರಿಹೋಯಿತು. ಮಳೆಯಲ್ಲಿ ನೆಂದಿದ್ದಕ್ಕಾ?

ಉತ್ತರ 1:
ಮೊದಲು ಜ್ವರದ ವಿಷಯ ಸರ್, ತೂತು ಆಮೇಲೆ. ನೀವು ಹೇಳಿದ್ದು ನೋಡಿದರೆ ಅದು ಸತುವಿನ ಹೊಗೆಯ ಜ್ವರ ಅನಿಸುತ್ತದೆ. ಜಿಐ ಮೇಲಿನ ಸತು ಸುಮಾರು 907 ಡಿಗ್ರಿಗೇ ಕುದಿಯುತ್ತದೆ, ಕಬ್ಬಿಣ ಕರಗಲು 1500 ಹತ್ತಿರ ಬೇಕು, ಹಾಗಾಗಿ ಕಬ್ಬಿಣ ಕರಗುವ ಮೊದಲೇ ಸತುವೆಲ್ಲ ಬಿಳಿ ಹೊಗೆಯಾಗಿ ಮೂಗಿಗೆ ಬಂದಿರುತ್ತದೆ. ಜ್ವರ ಕೆಲವು ಗಂಟೆ ಬಿಟ್ಟು ಶುರುವಾಗುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಅದಕ್ಕೇ ಜನ ಮಳೆಗೋ ಸುಸ್ತಿಗೋ ಬಂತು ಅಂದುಕೊಂಡು ಮತ್ತೆ ಅದೇ ಶೆಡ್‌ನಲ್ಲಿ ಕೂರುತ್ತಾರೆ. ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ಏನೂ ಮಾಡಲ್ಲ ಅಂತ ಹೇಳುವವರಿದ್ದಾರೆ. ದಯವಿಟ್ಟು ನಂಬಬೇಡಿ. ಎದೆ ಬಿಗಿದರೆ, ಉಸಿರಾಟ ಕಷ್ಟವಾದರೆ ಕಾಯದೆ ಡಾಕ್ಟರ್ ಹತ್ತಿರ ಹೋಗಿ, ಜಿಐ ವೆಲ್ಡ್ ಮಾಡಿದ್ದೆ ಅಂತ ಬಾಯಿಬಿಟ್ಟು ಹೇಳಿ.

ಬೆಸುಗೆ ಬೀಳುವ ಜಾಗದ ಸುತ್ತ ಎರಡು ಇಂಚು, ಎರಡೂ ಬದಿ, ಸತುವನ್ನು ಗ್ರೈಂಡರ್‌ನಲ್ಲಿ ತೆಗೆಯಿರಿ. ಫ್ರೇಮ್ ಪೈಪೂ ಜಿಐ ಆಗಿದ್ದರೆ ಅದಕ್ಕೂ ಇದೇ. ಬಯಲಲ್ಲಿ, ಗಾಳಿ ಪಕ್ಕದಿಂದ ಹೋಗುವ ಹಾಗೆ ಕೂತುಕೊಳ್ಳಿ. ಕರ್ಚೀಫ್ ಕಟ್ಟಿದರೆ ಪ್ರಯೋಜನ ಇಲ್ಲ, ವೆಲ್ಡಿಂಗ್ ಹೊಗೆಗೆ ಅಂತಲೇ ಬರುವ ಫಿಲ್ಟರ್ ಮಾಸ್ಕ್ ತಗೊಳ್ಳಿ. ಮಳೆ ಇದ್ದರೆ ಕೆಲಸ ಮುಂದೂಡಿ, ಒದ್ದೆ ನೆಲ, ಒದ್ದೆ ಗ್ಲೌಸ್ ಇದ್ದಾಗ ರಾಡ್ ಹಿಡಿಯುವ ಹೋಲ್ಡರ್‌ನಿಂದಲೇ ಶಾಕ್ ಹೊಡೆಯಬಹುದು.

ಉತ್ತರ 2:
ತೂತಿಗೆ ಕಾರಣ ರಾಡ್. 18 ಗೇಜ್ ಅಂದರೆ ಬರೀ 1.2 ಎಂಎಂ, ಅದಕ್ಕೆ 3.15 ರಾಡ್ ತುಂಬಾ ದಪ್ಪ. 2 ಎಂಎಂ ದಪ್ಪದ, 6013 ನಂಬರಿನ ರಾಡ್ ತಂದು 40ರಿಂದ 50 ಆಂಪ್ಸ್‌ನಲ್ಲಿ ಶುರು ಮಾಡಿ. ಡಿಸಿ ಮೆಷಿನ್ ಆದರೆ ಹೋಲ್ಡರ್ ಮೈನಸ್‌ಗೆ ಹಾಕಿ, ಶೀಟ್‌ಗೆ ಶಾಖ ಕಡಿಮೆ ಇಳಿಯುತ್ತದೆ. ಉದ್ದಕ್ಕೆ ಎಳೆಯಲೇಬೇಡಿ. ಕಚ್ಚಾ ಹೊಲಿಗೆ ಥರ ಬಿಟ್ಟುಬಿಟ್ಟು ಒಂದು ಚುಕ್ಕೆ, ಬಿಡಿ, ಕೆಂಪು ಆರಲಿ, ಇನ್ನೊಂದು ತುದಿಗೆ ಹೋಗಿ ಮತ್ತೊಂದು ಚುಕ್ಕೆ. ಒಂದೇ ಕಡೆಯಿಂದ ಹೋದರೆ ಶೀಟ್ ಸೊಟ್ಟಗಾಗುತ್ತದೆ. ಆರ್ಕ್ ಅನ್ನು ದಪ್ಪ ಇರುವ ಪೈಪ್ ಕಡೆಗೇ ಹಿಡಿದು ಲೋಹವನ್ನು ಶೀಟ್ ಮೇಲೆ ಹರಿಸಿ. ನಡುವೆ ಸಂದು ಇರಲೇಬಾರದು, ಕ್ಲ್ಯಾಂಪ್ ಬಿಗಿಯಾಗಿರಲಿ. ಬಾಗಿಲಿಗೆ ಕೈ ಹಾಕುವ ಮೊದಲು ಅದೇ ಶೀಟಿನ ಚೂರುಗಳ ಮೇಲೆ ಕೈ ಕುದುರಿಸಿಕೊಳ್ಳಿ.

ಟ್ಯಾಕ್ (ಚುಕ್ಕೆ ಬೆಸುಗೆ) ಹಾಕುವಾಗ ಸುಮ್ನೆ ಕಣ್ಣು ಮುಚ್ಚಿಕೊಂಡರೆ ಸಾಕು ಅಂತ ಎಷ್ಟೋ ಜನ ಮಾಡುತ್ತಾರೆ, ಬೇಡ. ಪ್ರತಿ ಚುಕ್ಕೆಗೂ ಮುಖಕ್ಕೆ ಹೆಲ್ಮೆಟ್ ಇರಲಿ, ಆರ್ಕ್ ಹೊತ್ತಿದ ತಕ್ಷಣ ತಾನೇ ಕಪ್ಪಾಗುವ ಆಟೋ ಡಾರ್ಕ್ ಗಾಜಿನದಾದರೆ ಶೇಡ್ (ಗಾಜಿನ ಕಪ್ಪಿನ ಮಟ್ಟ) 10. ನೈಲಾನ್ ಶರ್ಟ್ ಬೇಡ, ಪೂರ್ತಿ ತೋಳಿನ ಹತ್ತಿ ಬಟ್ಟೆ ಹಾಕಿ. ಕೋಳಿಗೂಡು ಅಂದಿರಿ, ಹತ್ತಿರ ಹೊಟ್ಟು, ಹುಲ್ಲು ಇದ್ದರೆ ದೂರ ಸರಿಸಿ, ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದು ನೋಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಆಗಲೇ ಬಿದ್ದಿರುವ ತೂತು?

ಉತ್ತರ 2:
ಚಿಕ್ಕದಾದರೆ ಹಿಂದೆ ದಪ್ಪ ತಾಮ್ರದ ಪಟ್ಟಿ ಕ್ಲ್ಯಾಂಪ್ ಮಾಡಿ, ಅಂಚಿನಿಂದ ಒಂದೊಂದೇ ಚುಕ್ಕೆ ತುಂಬಿ. ತಾಮ್ರ ಶಾಖ ಎಳೆದುಕೊಳ್ಳುತ್ತದೆ, ಬೆಸುಗೆಯೂ ಅದಕ್ಕೆ ಸುಲಭವಾಗಿ ಅಂಟುವುದಿಲ್ಲ. ಬೆರಳು ತೂರುವಷ್ಟಿದ್ದರೆ ಶೀಟಿನ ತುಂಡು ಇಟ್ಟು ಮುಚ್ಚಿ. ಸತು ತೆಗೆದ ಜಾಗಕ್ಕೆಲ್ಲ ಜಿಂಕ್ ಪ್ರೈಮರ್ ಹೊಡೆಯಿರಿ, ಇಲ್ಲದಿದ್ದರೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ.