ತಮ್ಮಗ ಮೊದಲ ಗಾಡಿ, ಬಜೆಟ್ 3.25 ಲಕ್ಷ: ಆಲ್ಟೊ, ಸ್ವಿಫ್ಟ್, ಟಿಯಾಗೊ, ಮೂರರಾಗ ಯಾವ್ದು?

ಕಬ್ಬಿನಹೊಲ:
ಎಲ್ಲಾರಿಗೂ ನಮಸ್ಕಾರ್ರಿ. ತಮ್ಮಗ 20 ವರ್ಷ, ಲೈಸೆನ್ಸ್ ಕೈಗೆ ಬಂದು ಎರಡು ತಿಂಗಳಾತು. ಜಮಖಂಡಿ ತಾಲೂಕಿನ ನಮ್ಮೂರಿಂದ ಮುಧೋಳಕ್ಕ ಕೆಲಸಕ್ಕ ಹೋಗಬೇಕು. ಹೋಗಿ ಬರೂದು ಕೂಡಿ ದಿನಕ್ಕ 50 ಕಿ.ಮೀ. ವಾರದಾಗ ಮೂರು ದಿನ ವಾಪಸ್ ಬರೂದ್ರಾಗ ರಾತ್ರಿ ಆಗ್ತೈತಿ. ಹೆಸರು ಬದಲಿ, ಇನ್ಶೂರೆನ್ಸ್ ಎಲ್ಲಾ ಹಿಡದು 3.25 ಲಕ್ಷ ಅಷ್ಟ, ಮ್ಯಾಲ ಹೋಗಾಕ ಬರೂದಿಲ್ಲ.

ಈಗ ಕಣ್ಣಾಗ ಇರೂವು ಮೂರು. 2016ರ ಆಲ್ಟೊ 800 ಎಲ್‌ಎಕ್ಸ್‌ಐ, ಕೆಎ-48, 61 ಸಾವಿರ ಓಡೈತಿ, 2.10 ಲಕ್ಷ ಹೇಳ್ತಾರ. 2015ರ ಸ್ವಿಫ್ಟ್ ಡೀಸೆಲ್, ಎಂಎಚ್-10, 94 ಸಾವಿರ, 2.90 ಲಕ್ಷ. 2018ರ ಟಿಯಾಗೊ ಪೆಟ್ರೋಲ್ ಎಕ್ಸ್‌ಝಡ್, ಕೆಎ-29, 58 ಸಾವಿರ, 2.95 ಲಕ್ಷ. ತಮ್ಮನ ಮನಸ್ಸು ಸ್ವಿಫ್ಟ್ ಮ್ಯಾಲ. ಅಪ್ಪಾರು ಆಲ್ಟೊ ಸಾಕು ಅಂತಾರ. ತಿಳದವರು ಹೇಳ್ರಿ.

ಹತ್ತು-ಹನ್ನೊಂದು ಪಾನಾ:
ಅಕ್ಕಾರ, ಮೊದಲು ಸ್ವಿಫ್ಟಿಂದ ಶುರು ಮಾಡ್ತೀನಿ, ಯಾಕಂದ್ರ ತಮ್ಮನ್ನ ಒಪ್ಪಸೂದು ಅಲ್ಲೇ ಐತಿ.

ಡೀಸೆಲ್ ಖರ್ಚು ಕಡಿಮಿ ಅನ್ನೂದು ಖರೇ. ತಿಂಗಳಿಗೆ 25 ದಿನ ಹಿಡದ್ರ 1,250 ಕಿ.ಮೀ. 17 ಮೈಲೇಜ್ ಕೊಡೂ ಪೆಟ್ರೋಲ್ ಗಾಡಿ 74 ಲೀಟರ್ ಕುಡೀತೈತಿ, 20 ಕೊಡೂ ಡೀಸೆಲ್ ಗಾಡಿ 63 ಲೀಟರ್. ಲೀಟರ್ ದರಾನೂ ಕಡಿಮಿ. ಆದ್ರ ಲಕ್ಷದ ಹತ್ರ ಬಂದ ಡೀಸೆಲ್ ಗಾಡ್ಯಾಗ ಇಂಜೆಕ್ಟರ್ ನಾಕು, ಟರ್ಬೊ ಒಂದು, ಕ್ಲಚ್ ಸೆಟ್ ಒಂದು, ಇವು ಸರತಿ ಹಚ್ಚಿ ನಿಂತಿರ್ತಾವ. ಅದರಾಗ ಒಂದು ಬಂದ್ರ ವರ್ಷದ ಉಳಿತಾಯ ಒಂದ ದಿನಕ್ಕ ಹೋತು. ಬಜೆಟ್ಟಿನ್ಯಾಗ ಅದಕ್ಕ ಜಾಗಾ ಇಲ್ಲ. ಎಂಎಚ್ ನಂಬರಿನ ತೆರಿಗಿ ಬ್ಯಾರೆ, ಅದನ್ನ ಕಾಗದಪತ್ರ ತಿಳದವರು ಹೇಳಲಿ.

ಇನ್ನೊಂದು ದೊಡ್ಡ ಮಾತು ಏರ್‌ಬ್ಯಾಗ್. ಡ್ರೈವರ್ ಏರ್‌ಬ್ಯಾಗ್ ಎಲ್ಲಾ ಹೊಸ ಕಾರಿಗೆ ಕಡ್ಡಾಯ ಆಗಿದ್ದು 2019ರ ಜುಲೈ 1ರಿಂದ. ಅದಕ್ಕಿಂತ ಹಿಂದಿನ ಗಾಡ್ಯಾಗ ವೇರಿಯಂಟ್ ನೋಡಿ ಇರ್ತಾವ, ಇಲ್ಲಾಂದ್ರ ಇಲ್ಲ. ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್, ಆಲ್ಟೊ 800 ಎರಡೂ 2014ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯೊಳಗ ಸೊನ್ನೆ ಸ್ಟಾರ್ ತಗೊಂಡಾವ. ಟಿಯಾಗೊ ಎರಡು ಏರ್‌ಬ್ಯಾಗ್ ಇಟ್ಕೊಂಡು 2020ರಾಗ ದೊಡ್ಡವರ ಸುರಕ್ಷತೆಗೆ 4 ಸ್ಟಾರ್ ತಗೊಂಡೈತಿ. ಕೈ ಇನ್ನೂ ಕೂಡದ ಹುಡುಗ, ರಾತ್ರಿ ಹಾದಿ, ಕಬ್ಬಿನ ಸೀಜನ್. ಈ ಮೂರೂ ಕೂಡಿದಲ್ಲಿ ಎಬಿಎಸ್ (ಜೋರ್ ಬ್ರೇಕ್ ಹೊಡದಾಗ ಚಕ್ರ ಜಾಮ್ ಆಗದಂಗ ತಡಿಯೂದು) ಮತ್ತ ಎರಡು ಏರ್‌ಬ್ಯಾಗ್ ಇಲ್ಲದ ಗಾಡಿ ನಾ ಅಂತೂ ಹೇಳೂದಿಲ್ಲ.

ಟಿಯಾಗೊ ನೋಡಾಕ ಹೋದಾಗ ಇದನ್ನ ತಪ್ಪದ ಮಾಡ್ರಿ. ಚಾವಿ ಆನ್ ಮಾಡ್ರಿ, ಎಂಜಿನ್ ಸ್ಟಾರ್ಟ್ ಮಾಡಬ್ಯಾಡ್ರಿ. ಮೀಟರಿನ್ಯಾಗ ಎಬಿಎಸ್ ದೀಪ, ಏರ್‌ಬ್ಯಾಗ್ ದೀಪ ಎರಡೂ ಹತ್ತಬೇಕು, ಕೆಲವು ಸೆಕೆಂಡಿನ್ಯಾಗ ತಾವ ಆರಬೇಕು. ಆರದ ಉಳದ್ರ ದೋಷ ಐತಿ ಅಂತ ಅರ್ಥ. ಹತ್ತಲೇ ಇಲ್ಲ ಅಂದ್ರ ಅದಕ್ಕಿಂತ ಕೆಟ್ಟದ್ದು, ಯಾರೋ ದೀಪಾನ ಕಿತ್ತಿಟ್ಟಾರ. ಎಂಜಿನ್ ಸ್ಟಾರ್ಟ್ ಆಗಿ ಆಯಿಲ್ ದೀಪ ಆರೂ ಹೊತ್ತಿಗೇ ಏರ್‌ಬ್ಯಾಗ್ ದೀಪಾನೂ ಆರಿದ್ರ, ಅದರ ವೈರ್ ಆಯಿಲ್ ದೀಪಕ್ಕ ಕೂಡಿಸಿರಬೇಕು ಅಂತ ಸಂಶಯ ಪಡ್ರಿ. ಅಂಥಾ ಗಾಡ್ಯಾಗ ಏರ್‌ಬ್ಯಾಗ್ ಒಮ್ಮೆ ಬಿಚ್ಚಿ, ತಿರುಗಿ ಹಾಕದ ಮುಚ್ಚಿರ್ತಾರ.

ಎಂಜಿನ್ ತಣ್ಣಗಿದ್ದಾಗ ನೋಡಬೇಕು. "ಮುಂಜಾನಿಂದ ಸ್ಟಾರ್ಟ್ ಮಾಡಬ್ಯಾಡ್ರಿ" ಅಂತ ಮೊದಲ ಹೇಳಿ ಹೋಗ್ರಿ, ಹೋದಕೂಡ್ಲೆ ಬಾನೆಟ್ ಮ್ಯಾಲ ಅಂಗೈ ಇಡ್ರಿ. ಬೆಚ್ಚಗಿದ್ರ ಆ ದಿನ ವಾಪಸ್ ಬರ್ರಿ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗಿ ಬಂದ್ರ ಎಂಜಿನ್ ಆಯಿಲ್ ಉರೀತೈತಿ. ಬೆಳ್ಳಗಿನ ಹೊಗಿ ಎಂಜಿನ್ ಕಾದ ಮ್ಯಾಲೂ ನಿಲ್ಲದ ಬಂದು, ಸಿಹಿ ವಾಸನಿ ಹೊಡದ್ರ ಕೂಲಂಟ್ (ಎಂಜಿನ್ ತಣ್ಣಗಿಡೂ ನೀರು) ಒಳಗ ಇಳದೈತಿ, ಹೆಡ್ ಗ್ಯಾಸ್ಕೆಟ್ ಹೋಗಿರಬೇಕು. ಆಯಿಲ್ ಮುಚ್ಚಳ ತೆಗದು ಒಳಮೈ ನೋಡ್ರಿ: ಮಜ್ಜಿಗಿ ಬಣ್ಣದ ಜಿಗಿ ಇದ್ರ ಅದೂ ನೀರಿನ ಗುರುತು. ಮೂರು ಸಿಲಿಂಡರ್ ಎಂಜಿನ್, ನಿಂತಲ್ಲಿ ಸ್ವಲ್ಪ ನಡುಗೂದು ಅದರ ಗುಣ, ಅದಕ್ಕ ಹೆದರಬ್ಯಾಡ್ರಿ. ಆದ್ರ ಗೇರ್ ಲಿವರ್ ಕೈಯಾಗ ಹೊಡಕೊಂಡಂಗ ಆದ್ರ ಎಂಜಿನ್ ಮೌಂಟಿಂಗ್ ನೋಡಸ್ರಿ.

ಓಡಸೂಮುಂದ ನಾಕನೇ ಗೇರಿನ್ಯಾಗ 40ರಾಗ ಇಟ್ಟು ಎಕ್ಸಲರೇಟರ್ ಪೂರ್ತಿ ಒತ್ರಿ. ಎಂಜಿನ್ ಸಪ್ಪಳ ಏರಿ ವೇಗ ಏರದ ಇದ್ರ ಕ್ಲಚ್ ಪ್ಲೇಟ್ ಸವದೈತಿ. ಬಯಲಿನ್ಯಾಗ ಸ್ಟೀರಿಂಗ್ ಪೂರ್ತಿ ಒಂದ ಕಡೆ ತಿರುಗಿಸಿ ನಿಧಾನ ಸುತ್ತು ಹೊಡೀರಿ. ಚಕ್ರದ ಕಡೆಯಿಂದ ಕಟ್ ಕಟ್ ಅಂದ್ರ ಎಕ್ಸಲ್ ಜಾಯಿಂಟ್ ಹೋಗೈತಿ. ಹಂಪಿನ ಮ್ಯಾಲ ಖಟ್ ಅಂದ್ರ ಬಹಳ ಸಲ ಲಿಂಕ್ ರಾಡ್ ಇಲ್ಲಾ ಲೋವರ್ ಆರ್ಮ್ ಬುಷ್, ಅದು ಸಣ್ಣ ಖರ್ಚು, ದರ ಇಳಸಾಕ ಉಪಯೋಗ ಮಾಡ್ಕೋರಿ.

ಕಡೀಕ ರೊಕ್ಕದ ಮಾತು. 2.95ಕ್ಕ ತಗೊಂಡ್ರ ಕೈಯಾಗ 30 ಸಾವಿರ ಉಳೀತೈತಿ. ಇನ್ಶೂರೆನ್ಸ್, ಹೆಸರು ಬದಲಿ, ಅಂದಾಜು 5 ಸಾವಿರದ ಬ್ಯಾಟರಿ, ಬೇಕಾದ್ರ ನಾಕು ಟಾಯರ್ (14ರಿಂದ 20 ಸಾವಿರ), ಆಯಿಲ್ ಫಿಲ್ಟರ್ ಎಲ್ಲಾ ಅದರಾಗ ಆಗೂದು ಕಷ್ಟ. 2.70ಕ್ಕ ಇಳಸ್ರಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕ ಇಳದೈತಿ. ಹೊಸಾದು ಇಳದ ಮ್ಯಾಲ ಹಳೇದೂ ಇಳೀಬೇಕಲ್ಲಾ, ಅದನ್ನ ಮಾರಾವರ ಮುಂದ ಧೈರ್ಯಾಗಿ ಹೇಳ್ರಿ.

ಫಾರ್ಮ್ 29:
ಕಾಗದದ ವಿಷಯ ನಾನು ಹೇಳುತ್ತೇನೆ. ಎಂಎಚ್-10 ಗಾಡಿ ಕರ್ನಾಟಕಕ್ಕೆ ತರಬೇಕಾದರೆ ಸಾಂಗಲಿ ಆರ್‌ಟಿಓದಿಂದ ಎನ್‌ಓಸಿ, ಅಂದರೆ ನಿರಾಕ್ಷೇಪಣಾ ಪತ್ರ (ಫಾರ್ಮ್ 28) ಬೇಕು. ಆಮೇಲೆ ಇಲ್ಲಿ ಜೀವಾವಧಿ ತೆರಿಗೆ ಕಟ್ಟಿ ಹೊಸ ನಂಬರು ತೆಗೆದುಕೊಳ್ಳಬೇಕು. ನಮ್ಮ ರಾಜ್ಯದ ದರ ಗಾಡಿಯ ಮೂಲ ಬೆಲೆಯ ಮೇಲೆ ಶೇ. 13ರಿಂದ ಶುರು, ಬೆಲೆ ಏರಿದಂತೆ ಏರುತ್ತದೆ. ಗಾಡಿಯ ವಯಸ್ಸಿಗೆ ತಕ್ಕ ಕಡಿತ ಸಿಗುತ್ತದೆ, ಆದರೂ ಹಳೆ ಗಾಡಿಗೆ ನೀವು ಈಗ ಕೊಡುತ್ತಿರುವ ಬೆಲೆಯ ಮೇಲಲ್ಲ, ಹೊಸದಿದ್ದಾಗಿನ ಬೆಲೆಯ ಲೆಕ್ಕದಿಂದ ಅದು ಹೊರಡುತ್ತದೆ ಎಂಬುದನ್ನು ಮರೆಯಬೇಡಿ. ಸಾಂಗಲಿ-ಕೊಲ್ಲಾಪುರದ ಗಾಡಿ ಅಗ್ಗ ಕಾಣುವುದಕ್ಕೆ ಇದೇ ಮುಖ್ಯ ಕಾರಣ. ತೆರಿಗೆ ಸೇರಿಸಿದರೆ ಅಗ್ಗ ಉಳಿಯುವುದಿಲ್ಲ. "ಹಾಗೇ ಓಡಿಸಿ, ಯಾರೂ ಹಿಡಿಯೋದಿಲ್ಲ" ಎನ್ನುವವರ ಮಾತು ಕೇಳಬೇಡಿ. ಬೇರೆ ರಾಜ್ಯದ ನಂಬರಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವಂತಿಲ್ಲ.

ಟಿಯಾಗೊ ಆಗಲಿ ಆಲ್ಟೊ ಆಗಲಿ, ಸಂಚಕಾರ ಕೊಡುವ ಮುನ್ನ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರು ಹಾಕಿ ನೋಡಿ. ಇನ್ಶೂರೆನ್ಸ್ ಅವಧಿ ಮತ್ತು ಸಾಲದ ನಮೂದು ಕಾಣುತ್ತವೆ. ಪೊಲೀಸ್ ದಂಡ ಬಾಕಿ ಇದೆಯೇ ಎಂದು ಬೇರೆಯಾಗಿ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ, ಬ್ಯಾಂಕಿನ ಎನ್‌ಓಸಿ ಮತ್ತು ಫಾರ್ಮ್ 35 ಮಾರುವವರೇ ಮಾಡಿಸಿಕೊಡಲಿ, ಅಲ್ಲಿಯವರೆಗೆ ಪೂರ್ತಿ ಹಣ ಕೊಡಬೇಡಿ.

ಆರ್‌ಸಿಯಲ್ಲಿರುವ ಹೆಸರೂ ನಿಮ್ಮೆದುರು ನಿಂತವರ ಹೆಸರೂ ಒಂದೇ ಇರಬೇಕು. ಇಲ್ಲದಿದ್ದರೆ ಅದು "ಓಪನ್ ಪೇಪರ್" ಗಾಡಿ: ಮೊದಲಿನ ಮಾಲೀಕನ ಸಹಿ ಇರುವ ಖಾಲಿ ಫಾರ್ಮ್ ಇಟ್ಟುಕೊಂಡು ನಡುವೆ ಒಬ್ಬಿಬ್ಬರು ಕೈ ಬದಲಿಸಿರುತ್ತಾರೆ. ಸಹಿ ಹೊಂದದಿದ್ದರೆ, ಓಟಿಪಿ ಹೋಗುವ ಮೊಬೈಲ್ ಬದಲಾಗಿದ್ದರೆ, ಹೆಸರು ಬದಲಿ ಅಲ್ಲಿಗೇ ನಿಂತುಹೋಗುತ್ತದೆ. ಫಾರ್ಮ್ 29 ಮಾರುವವರು ಕೊಡುವ ತಿಳಿವಳಿಕೆ, ಫಾರ್ಮ್ 30 ನಿಮ್ಮ ಅರ್ಜಿ. ರಾಜ್ಯದೊಳಗಾದರೆ ಮಾರುವವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ಮಾರುವವರು ಆಲಸ್ಯ ಮಾಡಿದರೆ ಇದನ್ನು ಹೇಳಿ: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟ ಮಾಡಿದೆ. ಆಮೇಲೆ ಅವರೇ ಅವಸರ ಮಾಡುತ್ತಾರೆ.

ಇನ್ಶೂರೆನ್ಸನ್ನು 14 ದಿನದೊಳಗೆ ತಮ್ಮನ ಹೆಸರಿಗೆ ಮಾಡಿಸಿ. ಇಲ್ಲವಾದರೆ ನಿಮ್ಮ ಗಾಡಿಯ ರಿಪೇರಿ ಕ್ಲೇಮ್ ಸಿಗುವುದು ಕಷ್ಟ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಆ ವ್ಯತ್ಯಾಸ ಕಟ್ಟಬೇಕಾಗುತ್ತದೆ. 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ (ಎದುರಿನವರ ನಷ್ಟ ಮಾತ್ರ ತುಂಬುವ ಇನ್ಶೂರೆನ್ಸ್) ದರ 1,000 ಸಿಸಿವರೆಗೆ ವರ್ಷಕ್ಕೆ ₹2,094, ಅದರ ಮೇಲೆ 1,500 ಸಿಸಿವರೆಗೆ ₹3,416, ಇದರ ಮೇಲೆ ಜಿಎಸ್‌ಟಿ ಬೇರೆ. ಟಿಯಾಗೊ, ಸ್ವಿಫ್ಟ್ ಎರಡನೆಯ ಸಾಲಿನವು. ಹೊಸ ಡ್ರೈವರ್‌ಗೆ ಥರ್ಡ್ ಪಾರ್ಟಿ ಒಂದೇ ಸಾಲದು, ಪೂರ್ತಿ ಪಾಲಿಸಿಯನ್ನೇ ಮಾಡಿಸಿ.

ಇಂಡಿ ರಸ್ತೆ:
ಆಲ್ಟೊದ ಪರವಾಗಿ ಒಂದು ಮಾತು. ಬಿಡಿ ಭಾಗ ಎಲ್ಲಾ ಊರಾಗ ಸಿಗ್ತಾವ, ಯಾವ ಮಿಸ್ತ್ರಿನೂ ಬಿಚ್ಚಿ ಕೂಡಸ್ತಾನ, ಸಣ್ಣ ಗಾಡಿ ಆದ್ದರಿಂದ ಸಂತ್ಯಾಗ ತಿರುಗಸಾಕ ಹಗುರ. 2.10 ಕೊಟ್ಟು ಕೈಯಾಗ ಲಕ್ಷದ ಮ್ಯಾಲ ಉಳೀತೈತಿ. ಊರಾಗ ಅಡ್ಡಾಡೂದಿದ್ರ ಅದನ್ನ ತಗೋರಿ ಅಂತಿದ್ದೆ. ತಗೊಳ್ಳೂದಾದ್ರ ಒಂದು ಗೊತ್ತಿರಲಿ: 800ರ 796 ಸಿಸಿ ಎಂಜಿನ್‌ಗೆ ಟೈಮಿಂಗ್ ಬೆಲ್ಟ್, ಆಲ್ಟೊ ಕೆ10ಕ್ಕ ಚೈನ್. ಬೆಲ್ಟ್ ರಬ್ಬರಿಂದು. ಕಿ.ಮೀ. ಕಡಿಮಿ ಇದ್ರೂ 2016ರ ಬೆಲ್ಟ್ ಹಂಗ ಇದ್ರ ವಯಸ್ಸಿಗೇ ಬದಲಿ ಮಾಡಸ್ರಿ, ಹರದ್ರ ಗಾಡಿ ನಡುದಾರ್ಯಾಗ ನಿಲ್ತೈತಿ.

ಕಬ್ಬಿನಹೊಲ:
ಬಹಳ ಉಪಕಾರ ಆತ್ರಿ. ಸ್ವಿಫ್ಟ್ ಬಿಟ್ಟಂಗ, ತಮ್ಮಗ ಲೆಕ್ಕ ಓದಿ ಹೇಳೀನಿ. ಈಗ ಒಂದು ಚಿಂತಿ. 2019ರಾಗ ಮುಧೋಳದಾಗ ಘಟಪ್ರಭಾ, ನಮ್ಮ ಕಡೆ ಕೃಷ್ಣಾ ಹೊಳಿ ಬಂದಾಗ ಎಷ್ಟೋ ಗಾಡಿ ನೀರಾಗ ನಿಂತಿದ್ವು. ಟಿಯಾಗೊ 2018ರದ್ದು. ಅದು ನೀರು ಕಂಡೈತೋ ಇಲ್ಲೋ ಹೆಂಗ ಗೊತ್ತಾಗ್ತೈತಿ?

ಘಟಪ್ರಭಾ ದಂಡಿ:
ಸರಿಯಾದ ಪ್ರಶ್ನೆ ಕೇಳೀರಿ ಅಕ್ಕಾರ. 2019ರ ಆಗಸ್ಟ್ ಹೊಳಿ, 2021ರ ಜುಲೈನ್ಯಾಗ ಸಾಂಗಲಿ-ಕೊಲ್ಲಾಪುರದ ಹೊಳಿ, ಎರಡರಿಂದಲೂ ಗಾಡಿ ತೊಳದು ಮಾರಾಟಕ್ಕ ಬಂದಾವ. ತೊಳದ್ರೂ ಕೆಸರು ಪೂರ್ತಿ ಹೋಗೂದಿಲ್ಲ.

ಮುಂದಿನ ಸೀಟ್ ಬೆಲ್ಟ್ ಹಿಡದು ನಿಧಾನಕ್ಕ, ಅದು ನಿಲ್ಲೂ ತನಕ ಪೂರ್ತಿ ಎಳೀರಿ. ದಿನಾ ಕಣ್ಣಿಗೆ ಬೀಳೂ ಭಾಗ ತೊಳದಿರ್ತಾರ. ರೀಲಿನೊಳಗ ಸುತ್ತಿಕೊಂಡಿರೂ ಕಡೀ ಒಂದು ಮೊಳ ತೊಳೆಯಾಕ ಯಾರಿಗೂ ನೆನಪಾಗೂದಿಲ್ಲ. ಅಲ್ಲಿ ಮಣ್ಣಿನ ಬಣ್ಣದ ಅಡ್ಡಗೆರಿ, ಬಿಗಿಯಾದ ಬಟ್ಟಿ ಇದ್ರ ನೀರು ಅಷ್ಟು ಎತ್ತರ ಏರಿತ್ತು. ಬೆಲ್ಟಿನ ಬುಡದ ಚೀಟ್ಯಾಗ ತಯಾರಾದ ವರ್ಷಾನೂ ಇರ್ತೈತಿ. ಗಾಡಿ 2018, ಬೆಲ್ಟ್ 2020 ಅಂದ್ರ ಯಾಕ ಬದಲಿಸಿದ್ರು ಅಂತ ಕೇಳ್ರಿ: ಹೊಳಿ, ಇಲ್ಲಾ ದೊಡ್ಡ ಅಪಘಾತ.

ಆಮ್ಯಾಲ ಸೀಟಿನ ಕೆಳಗ ಟಾರ್ಚ್ ಬಿಡ್ರಿ. ಸೀಟ್ ಸರಿಯೂ ಹಳಿ, ಅದರ ಬೋಲ್ಟ್ ತುಕ್ಕು ಹಿಡದಿರಬಾರದು. ಡಿಕ್ಕಿಯೊಳಗ ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡ್ರಿ, ಅಂಚಿನ ಸಂದ್ಯಾಗ ಒಣಗಿದ ಎರಿ ಮಣ್ಣು ಕೂತಿರ್ತೈತಿ. ಕಾರ್ಪೆಟ್ಟಿನ ಒಂದು ಮೂಲಿ ಎತ್ತಿ ಕೆಳಗಿನ ಸ್ಪಂಜ್ ಮೂಸಿ ನೋಡ್ರಿ. ಕಾರಿನ್ಯಾಗ ಅತ್ತರಿನ ವಾಸನಿ ಜೋರಿದ್ರ ಇದನ್ನ ಬಿಡಲೇಬ್ಯಾಡ್ರಿ. ಫ್ಯೂಜ್ ಪೆಟ್ಟಿಗಿ ತೆಗದಾಗ ಫ್ಯೂಜಿನ ಕಾಲುಗಳ ಮ್ಯಾಲ ಹಸರು ಇಲ್ಲಾ ಬಿಳಿ ಪುಡಿ ಇದ್ರ ಅಲ್ಲಿಗೆ ಮಾತು ಮುಗೀತು, ದರ ಎಷ್ಟ ಇಳಸಿದ್ರೂ ಬ್ಯಾಡ. ಎಂಜಿನ್ ರಿಪೇರಿ ಆಗ್ತೈತಿ, ಕೊಳೆತ ವೈರಿಂಗ್ ಆಗೂದಿಲ್ಲ. ಒಂದು ದಿನ ಹಾರ್ನ್ ಹೋದ್ರ, ಇನ್ನೊಂದು ದಿನ ರಾತ್ರಿ ಹೆಡ್‌ಲೈಟ್ ಹೋಗ್ತೈತಿ.

ಕಂಪನಿ ಸರ್ವಿಸ್ ಸೆಂಟರಿನ ಹಿಂದಿನ ಬಿಲ್ಲುಗಳನ್ನ ಮಾರಾವರಿಂದ ಕೇಳಿ ತಗೋರಿ. 2019ರ ಆಗಸ್ಟ್ ಮುಂದಿನ ಎರಡು-ಮೂರು ತಿಂಗಳದಾಗ ದೊಡ್ಡ ಬಿಲ್ ಆಗೈತೇನು, ಕಿ.ಮೀ. ಒಂದರ ಮ್ಯಾಲ ಒಂದು ಏರಿಕೋತ ಬಂದೈತೇನು, ಎರಡೂ ಅದರಾಗ ತಿಳೀತಾವ. ಬಿಲ್ ಪ್ರಕಾರ 2022ಕ್ಕ 70 ಸಾವಿರ ಆಗಿ, ಈಗ ಮೀಟರ್ 58 ತೋರಿಸಿದ್ರ ತಿರುವ್ಯಾರ.

ಎರಿಮಣ್ಣು:
ಗಾಡಿ ಆರಿಸೂದು ಮುಗೀತು, ರಾತ್ರಿ ಹಾದಿ ಉಳೀತು. ನವೆಂಬರಿಂದ ಮಾರ್ಚ್ ತನಕ ಆ ದಾರ್ಯಾಗ ಡಬಲ್ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರ್ ಸಾಲ ಹಚ್ಚಿ ಹೋಗ್ತಾವ. ಹಿಂದ ಕೆಂಪು ದೀಪ ಇರೂದು ಕಡಿಮಿ, ಕಬ್ಬಿನ ತುದಿ ಹೊರಗ ಚಾಚಿರ್ತಾವ. 60ರ ವೇಗದಾಗ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗ್ತೈತಿ. ಕಂಡು ಬ್ರೇಕ್ ತುಳಿಯೂದ್ರಾಗ ಒಂದೂವರಿ ಸೆಕೆಂಡ್, ಅಂದ್ರ 25 ಮೀಟರ್. ಒಣ ಡಾಂಬರಿನ ಮ್ಯಾಲ ನಿಲ್ಲಾಕ ಇನ್ನ 20. ಡಿಮ್ ಲೈಟಿನ್ಯಾಗ ಕಾಣೂದು ಹೆಚ್ಚು ಕಡಿಮಿ ಅಷ್ಟ. ಹಂಗಾಗಿ ಡಿಮ್ ಹಾಕಿದಾಗ 50 ದಾಟಬಾರದು ಅಂತ ತಮ್ಮಗ ಖಡಕ್ಕಾಗಿ ಹೇಳ್ರಿ.

ಟಾಯರ್ ವಯಸ್ಸು ನೋಡ್ರಿ. ಬದಿಯೊಳಗ ನಾಕು ಅಂಕಿ ಇರ್ತಾವ, 2319 ಅಂದ್ರ 2019ರ 23ನೇ ವಾರ. ಟಾಯರಿನ ಗೀರಿನ ಆಳ 1.6 ಮಿ.ಮೀ.ಗಿಂತ ಹೆಚ್ಚಿದ್ರೂ ಆರೇಳು ವರ್ಷದ ರಬ್ಬರ್ ನಮ್ಮ ಬ್ಯಾಸಗಿಗೆ ಗಟ್ಟಿಯಾಗಿ ಬಿರಕ ಬಿಟ್ಟಿರ್ತೈತಿ, ಮಳ್ಯಾಗ ಹಿಡಿಯೂದಿಲ್ಲ. ಎಬಿಎಸ್ ಇದ್ರೂ ಟಾಯರ್ ಹಿಡದ್ರನ ಅದು ಕೆಲಸ ಮಾಡೂದು. ಗಾಡಿ ಬಂದ ಮ್ಯಾಲ ಖಾಲಿ ಬಯಲಿನ್ಯಾಗ 40ರಾಗ ಹತ್ತು ಸಲ ಜೋರ್ ಬ್ರೇಕ್ ಹೊಡಸ್ರಿ. ಪೆಡಲ್ ಕಾಲಿನ ಕೆಳಗ ಗಡಗಡ ನಡುಗತೈತಿ. ಹೊಸಬರು ಹೆದರಿ ಕಾಲ ಎತ್ತತಾರ. ಎತ್ತದ ಒತ್ತಿ ಹಿಡದು ಸ್ಟೀರಿಂಗ್ ತಿರುಗಿಸೂದು ರೂಢಿ ಆಗಬೇಕು.

ಹೆಡ್‌ಲೈಟ್ ಗಾಜು ಹಳದಿ ಆಗಿದ್ರ ಪಾಲಿಶ್ ಮಾಡಸ್ರಿ, ಕಂಪನಿ ಕೊಟ್ಟ ವ್ಯಾಟಿನ ಬಲ್ಬನ್ನ ಹಾಕ್ರಿ. ಎದುರಿನವರ ಕಣ್ಣಿಗೆ ಹೊಡಿಯೂ ಬಿಳಿ ಬಲ್ಬ್ ಬ್ಯಾಡ. ಬೆಳಕು ಸರಿ ಕೂಡಸಾಕ ಸಪಾಟ ಜಾಗಾದಾಗ ಗ್ವಾಡಿಯಿಂದ 5 ಮೀಟರ್ ದೂರ ನಿಲ್ಲಸ್ರಿ. ಲೈಟಿನ ನಡುಮಧ್ಯದ ಎತ್ತರಕ್ಕ ಗ್ವಾಡಿ ಮ್ಯಾಲ ಸುಣ್ಣದಿಂದ ಗೆರಿ ಹೊಡೀರಿ. ಡಿಮ್ ಹಾಕಿದಾಗ ಬೆಳಕಿನ ಮ್ಯಾಲಿನ ಅಂಚು ಆ ಗೆರಿಗಿಂತ 5ರಿಂದ 7 ಸೆಂ.ಮೀ. ಕೆಳಗ ಬೀಳಬೇಕು. ಒಳಗ ಲೆವಲ್ ತಿರುಗಿಸೂ ಬಟನ್ ಇದ್ರ ಅದನ್ನ ಸೊನ್ನೆಗೆ ಇಟ್ಟು ನೋಡ್ರಿ.

ಕಬ್ಬಿನಹೊಲ:
ರವಿವಾರ ಮುಂಜಾನೆ 7ಕ್ಕ ನೋಡಾಕ ಹೋಗ್ತೀವ್ರಿ. ಸ್ಟಾರ್ಟ್ ಮಾಡಬ್ಯಾಡ್ರಿ ಅಂತ ಫೋನ್ ಮಾಡಿ ಹೇಳೀನಿ. ಟಾರ್ಚ್ ಇಟ್ಕೊಂಡೀನಿ, ಮಿಸ್ತ್ರಿನೂ ಬರ್ತಾನ.

ಹತ್ತು-ಹನ್ನೊಂದು ಪಾನಾ:
ಎರಡನೇ ಚಾವಿ ಕೇಳೂದು ಮರೀಬ್ಯಾಡ್ರಿ. ಚಾವಿಯೊಳಗ ಚಿಪ್ ಇರ್ತೈತಿ, ಸಾದಾ ನಕಲಿ ಚಾವಿಯಿಂದ ಎಂಜಿನ್ ಹತ್ತೂದಿಲ್ಲ. ಎರಡೂ ಚಾವಿಯಿಂದ ಒಂದೊಂದು ಸಲ ಸ್ಟಾರ್ಟ್ ಮಾಡಿ ನೋಡ್ರಿ.